ಕಣಿ ಹೇಳಿದವರು ಕೇಳದ ಪ್ರಶ್ನೆ

ಪೇಪರು ಸಾಯುತ್ತದೆ ಎಂದು ಅಮೆರಿಕದವರು ಕಣಿ ಹೇಳಲು ತೊಡಗಿ ನಲವತ್ತು ವರ್ಷ ದಾಟಿತು. ಅದರಲ್ಲಿ ಎಷ್ಟು ನಿಜವಾಯಿತು, ಎಷ್ಟು ಹುಸಿಹೋಯಿತು ಎಂದು ಲೆಕ್ಕ ಹಾಕುವ ಪಂಡಿತರು ಬೇಕಾದಷ್ಟಿದ್ದಾರೆ. ನಮ್ಮ ತಕರಾರು ಬೇರೆ. ಅವರು ಕೇಳದೇ ಬಿಟ್ಟ ಪ್ರಶ್ನೆಯ ಬಗ್ಗೆ ನಮ್ಮ ತಕರಾರು.

ಮೊದಲು ಅವರು ಹೇಳಿದ್ದೇನು ನೋಡೋಣ. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟೀವಿಯೊಂದು, ಮುಂದೆ ಜನ ಬೆಳಗಿನ ಪೇಪರನ್ನು ಮನೆಯ ಕಂಪ್ಯೂಟರಿನಲ್ಲೇ ಓದುತ್ತಾರೆ ಎಂದು ತೋರಿಸಿತು. ಆಗ ಒಂದು ದಿನದ ಪೇಪರು ಫೋನಿನ ತಂತಿಯಲ್ಲಿ ಇಳಿಯಲು ಎರಡು ಗಂಟೆ ಮೀರುತ್ತಿತ್ತು. ಗಂಟೆಗೆ 5 ಡಾಲರ್. ಬೀದಿಯಲ್ಲಿ ಅದೇ ಪೇಪರು 20 ಸೆಂಟು! 1983ರಲ್ಲಿ ನೈಟ್ ರಿಡ್ಡರ್ ಎಂಬ ದೊಡ್ಡ ಪತ್ರಿಕಾ ಕಂಪನಿ ಫ್ಲಾರಿಡಾದಲ್ಲಿ ಟೀವಿ ಪರದೆಗೆ ಸುದ್ದಿ ಕಳಿಸುವ ವ್ಯೂಟ್ರಾನ್ ತೆರೆಯಿತು. ಸಾಕಷ್ಟು ಗಿರಾಕಿಗಳು ಸಿಗಲಿಲ್ಲ. 1986ರಲ್ಲಿ ಸುಮಾರು 5 ಕೋಟಿ ಡಾಲರ್ ಮುಳುಗಿಸಿ ಬಾಗಿಲು ಹಾಕಿತು.

1992ರಲ್ಲಿ ವಾಷಿಂಗ್ಟನ್ ಪೋಸ್ಟಿನ ರಾಬರ್ಟ್ ಕೈಸರ್, ಮೆಲ್ಲಗೆ ಕಾಯುತ್ತಿರುವ ನೀರಿನೊಳಗಿನ ಕಪ್ಪೆಯ ಗತಿ ನಮಗೆ ಬರಬಾರದು ಎಂದು ತನ್ನ ಮೇಲಿನವರಿಗೆ ಬರೆದರು. 1993ರಲ್ಲಿ ಕಾದಂಬರಿಕಾರ ಮೈಕೆಲ್ ಕ್ರೈಟನ್ ದೊಡ್ಡ ಮಾಧ್ಯಮಗಳಿಗೆ ಹತ್ತು ವರ್ಷದ ಆಯುಸ್ಸು ಕೊಟ್ಟರು. 1995ರಲ್ಲಿ ಕ್ಲಿಫರ್ಡ್ ಸ್ಟಾಲ್, ದಿನಪತ್ರಿಕೆಯ ಜಾಗಕ್ಕೆ ಯಾವ ಕಂಪ್ಯೂಟರೂ ಬಾರದು ಎಂದರು. ಕ್ರೈಟನ್ನರ ಗಡುವೂ ಸುಳ್ಳಾಯಿತು, ಸ್ಟಾಲರ ಧೈರ್ಯವೂ ಸುಳ್ಳಾಯಿತು. ಕೈಸರ್ ಹೆದರಿದ್ದು ಮಾತ್ರ ದಿಟ: 2005ರಲ್ಲಿ ಸುಮಾರು 4,900 ಕೋಟಿ ಡಾಲರ್ ಇದ್ದ ಅಮೆರಿಕದ ಪತ್ರಿಕೆಗಳ ಜಾಹೀರಾತು ಆದಾಯ 2020ಕ್ಕೆ 1,000 ಕೋಟಿಗಿಂತ ಕೆಳಗಿಳಿಯಿತು.

ಇವರೆಲ್ಲ ಜಗಳವಾಡಿದ್ದು ಸುದ್ದಿ ಯಾವ ಗಾಡಿಯಲ್ಲಿ ಬರುತ್ತದೆ ಎಂಬುದಕ್ಕೆ. ಗಾಡಿ ಹೊಡೆಯುವವನು ಯಾರು? ಯಾರ ಕೇರಿಯ ಮುಂದೆ ಅದು ನಿಲ್ಲದೇ ಹೋಗುತ್ತದೆ? ಇದು ಅವರಿಗೆ ಭವಿಷ್ಯದ ಪ್ರಶ್ನೆಯಾಗಿ ಕಾಣಲೇ ಇಲ್ಲ.

ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಅಮೆರಿಕದ ಪತ್ರಿಕೆಗಳು ಲೋಕವನ್ನು ಬಿಳಿಯರ ಕಣ್ಣಿನಿಂದಲೇ ನೋಡುತ್ತವೆ ಎಂದು ಕರ್ನರ್ ಆಯೋಗ 1968ರಲ್ಲೇ ಹೇಳಿತ್ತು. 1978ರಲ್ಲಿ ಅಲ್ಲಿನ ಪತ್ರಿಕಾ ಸಂಪಾದಕರ ಸಂಘವೇ ಒಂದು ಮಾತು ಕೊಟ್ಟಿತು: 2000ದ ಹೊತ್ತಿಗೆ ಕರಿಯರು ಮತ್ತಿತರ ಅಲ್ಪಸಂಖ್ಯಾತರು ಜನಸಂಖ್ಯೆಯಲ್ಲಿ ಎಷ್ಟಿದ್ದಾರೋ ಪತ್ರಿಕಾ ಕಚೇರಿಗಳಲ್ಲೂ ಅಷ್ಟಿರಬೇಕು. 2000 ಬಂತು. ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 30 ಇದ್ದವರು ಕಚೇರಿಯಲ್ಲಿ 12ರಷ್ಟೇ ಇದ್ದರು. ಮಾತು ಉಳಿಯದೆಂದು ತಿಳಿದು ಮೊದಲೇ, 1998ರಲ್ಲೇ, ಗಡುವನ್ನು 2025ಕ್ಕೆ ತಳ್ಳಿದ್ದರು. ಯಂತ್ರದ ಕಣಿಗೆ ಕೋಟಿಗಟ್ಟಲೆ ಸುರಿದವರು ಮನುಷ್ಯರಿಗೆ ಕೊಟ್ಟ ಮಾತಿಗೆ ವಾಯಿದೆ ಕೇಳಿದರು.

ಈ ದಾರ ನಮ್ಮ ದೇಶಕ್ಕೂ ಬಂದು ಸೇರುತ್ತದೆ. ಅದೇ ವಾಷಿಂಗ್ಟನ್ ಪೋಸ್ಟಿನ ದಿಲ್ಲಿ ವರದಿಗಾರ, ಸ್ವತಃ ಕರಿಯರಾದ ಕೆನೆತ್ ಕೂಪರ್, 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಹಿರಿಯ ಪತ್ರಕರ್ತರನ್ನು ಕೇಳಿದರು: ನಿಮಗೆ ಗೊತ್ತಿರುವ ದಲಿತ ಪತ್ರಕರ್ತ ಯಾರಾದರೂ ಇದ್ದಾರೆಯೇ? ಉನಿಯಾಲ್ ಹುಡುಕಿದರು. ಒಬ್ಬರೂ ಸಿಗಲಿಲ್ಲ. ಮುಂದೆ ಇಂಟರ್‌ನೆಟ್ ಬಂತು, ಫೋನು ಬಂತು. 2019ರಲ್ಲಿ ಆಕ್ಸ್‌ಫಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಲೆಕ್ಕ ಮಾಡಿದವು. ಪತ್ರಿಕೆ, ಟೀವಿ, ಅಂತರ್ಜಾಲದ ಸುದ್ದಿತಾಣ ಎಲ್ಲ ಸೇರಿ 121 ಮೇಲಿನ ಕುರ್ಚಿಗಳಲ್ಲಿ 106 ಮೇಲ್ಜಾತಿಯವರವು. ದಲಿತರದು, ಆದಿವಾಸಿಗಳದು ಒಂದೂ ಇಲ್ಲ. ಯಂತ್ರ ಬದಲಾಯಿತು, ಪಂಕ್ತಿ ಬದಲಾಗಲಿಲ್ಲ.

ಹಾಗಂತ ಯಂತ್ರವನ್ನು ಬೈದು ಕೂರುವವರು ನಾವಲ್ಲ. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹಳ್ಳಿಯ ಹೆಂಗಸರು, ಬಹುಪಾಲು ದಲಿತರು, ಖಬರ್ ಲಹರಿಯಾ ಎಂಬ ಪೇಪರು ಶುರು ಮಾಡಿದರು. ಆಮೇಲೆ ಅವರೇ ಕೈಗೆ ಫೋನು ತಗೊಂಡು ಕೇರಿ ಕೇರಿ ಸುತ್ತಿ ವಿಡಿಯೋ ಸುದ್ದಿ ಮಾಡಿದರು. ಅಲ್ಲಿ ಗಾಡಿಯೂ ಬದಲಾಯಿತು, ಹೊಡೆಯುವ ಕೈಯೂ ಬೇರೆಯಾಗಿತ್ತು.

ಈಗ ಹೊಸ ಯಂತ್ರ ಹಿಡಿದು ಹೊಸ ಕಣಿಯವರು ಬಂದಿದ್ದಾರೆ. ಗೆಳೆಯರೇ, ಮೇಷ್ಟ್ರೇ, ಅವರು ಎದುರಾದಾಗ ಪೇಪರು ಉಳಿಯುತ್ತದೋ ಇಲ್ಲವೋ ಎಂದು ಕೇಳಬೇಡಿ. ಬರೆಯುವವನು ಯಾರು ಎಂದು ಕೇಳಿ.