'ಹುಲಿ ಬಂತು' ಕಥೆ ಮತ್ತು ಹೊಗೆ ಸೂಚಕ

'ಹುಲಿ ಬಂತು ಹುಲಿ' ಎಂದು ಸುಳ್ಳು ಕೂಗಿದ ದನಗಾಹಿ ಹುಡುಗನ ಕಥೆ ನಿಮಗೆಲ್ಲ ಗೊತ್ತು. ಮನೆಯ ಬೆಂಕಿ ಎಚ್ಚರಿಕೆ ಗಂಟೆಯ ಮಾತು ಬಂದಾಗ ಈ ಕಥೆಯನ್ನೇ ಹೇಳುವುದು ವಾಡಿಕೆ. ಪದೇ ಪದೇ ಸುಳ್ಳು ಕೂಗುವ ಗಂಟೆಯನ್ನು ಯಾರು ನಂಬುತ್ತಾರೆ ಎಂಬುದು ಅದರ ತಾತ್ಪರ್ಯ. ಕೇಳಲು ಸರಿಯೆನಿಸುವ ಈ ಹೋಲಿಕೆ ವಿಜ್ಞಾನದ ದೃಷ್ಟಿಯಿಂದ ತಪ್ಪು, ಜೊತೆಗೆ ಅಪಾಯಕಾರಿ ಕೂಡ.

ಹುಡುಗ ಬೇಕೆಂದೇ ಸುಳ್ಳು ಹೇಳಿದ. ಸೂಚಕವಾದರೋ ತನಗೆ ತಾಗಿದ್ದನ್ನಷ್ಟೇ ಹೇಳುತ್ತದೆ. ದ್ಯುತಿ ಬಗೆಯ ಸೂಚಕದೊಳಗೆ ಬೆಳಕಿನ ಕಿರಣವೊಂದು ಹಾಯುತ್ತಿರುತ್ತದೆ. ಕಣಗಳು ಒಳಬಂದರೆ ಬೆಳಕು ಚದುರಿ ಪಕ್ಕದ ದ್ಯುತಿಕೋಶದ ಮೇಲೆ ಬೀಳುತ್ತದೆ, ಗಂಟೆ ಬಾರಿಸುತ್ತದೆ. ಆ ಕಣ ಹೊತ್ತಿದ ಹಾಸಿಗೆಯದೋ ಬಚ್ಚಲುಮನೆಯ ಹಬೆಯದೋ ಅದಕ್ಕೆ ತಿಳಿಯದು. ಅಯಾನೀಕರಣ ಬಗೆಯಲ್ಲಿ ಅಮೆರಿಸಿಯಂ-241 ಹೊರಸೂಸುವ ಆಲ್ಫಾ ಕಣಗಳು ಗಾಳಿಯನ್ನು ಅಯಾನೀಕರಿಸಿ ಅಲ್ಪ ವಿದ್ಯುತ್ ಹರಿಯುವಂತೆ ಮಾಡುತ್ತವೆ. ಹೊಗೆಯ ಕಣಗಳಿಗೆ ಅಯಾನುಗಳು ಅಂಟಿಕೊಂಡಾಗ ಈ ಪ್ರವಾಹ ಇಳಿಯುತ್ತದೆ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಹೊಗೆಯೂ ಇಷ್ಟನ್ನು ಮಾಡಬಲ್ಲದು. ಇದು ಸುಳ್ಳಲ್ಲ, ಸೂಚಕವನ್ನು ಇಟ್ಟ ಜಾಗ ತಪ್ಪು.

ಇನ್ನೊಂದು ಅಂಶವನ್ನು ತರಗತಿಯಲ್ಲಿ ಲೆಕ್ಕ ಮಾಡಿಸಿ ನೋಡಿ. 10,000 ಮನೆಗಳಲ್ಲಿ ಒಂದು ದಿನ ಒಂದೇ ಮನೆಗೆ ಬೆಂಕಿ ಬಿತ್ತೆಂದು ಊಹಿಸಿ. ಸೂಚಕ ನಿಜವಾದ ಬೆಂಕಿಯನ್ನು 100ಕ್ಕೆ 99 ಬಾರಿ ಗುರುತಿಸುತ್ತದೆ, ಬೆಂಕಿಯಿಲ್ಲದ ಮನೆಗಳಲ್ಲಿ 100ಕ್ಕೆ ಒಂದರಲ್ಲಿ ಮಾತ್ರ ತಪ್ಪಾಗಿ ಬಾರಿಸುತ್ತದೆ ಎನ್ನೋಣ. ಆಗ ತಪ್ಪು ಗಂಟೆಗಳು ಸುಮಾರು 100, ನಿಜವಾದದ್ದು 1. ಉಪಕರಣ ಎಷ್ಟೇ ಒಳ್ಳೆಯದಿದ್ದರೂ ಬೆಂಕಿ ಅಪರೂಪವಾದ್ದರಿಂದ ಹೆಚ್ಚಿನ ಗಂಟೆಗಳು ತಪ್ಪಾಗಿಯೇ ಇರುತ್ತವೆ.

ಹಾಗಾದರೆ ಗಂಟೆಯನ್ನು ಕಡೆಗಣಿಸಬಹುದೆ? ಇಲ್ಲ. ನೂರು ಸಲ ಎದ್ದು ಎರಡೆರಡು ನಿಮಿಷ ನೋಡಿದರೆ ನಷ್ಟ 200 ನಿಮಿಷ. ಒಂದು ಸಲ ಏಳದಿದ್ದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ. ಹುಡುಗನ ಕಥೆಯಲ್ಲಿ ನಾವು ಬೈಯುವುದು ಹುಡುಗನನ್ನು. ಕೊನೆಯ ಸಲ ಹೋಗಿ ನೋಡದ ಊರವರನ್ನು ಯಾರೂ ಪ್ರಶ್ನಿಸುವುದಿಲ್ಲ. ಬ್ಯಾಟರಿ ಕಿತ್ತಿಟ್ಟು ನೆಮ್ಮದಿಯಾಗಿ ಮಲಗುವವರು ಆ ಊರವರ ಸಾಲಿಗೇ ಸೇರುತ್ತಾರೆ.

ಬೆಂಕಿ ಕೊಡುವ ಸಮಯ ಎಷ್ಟು ಕಡಿಮೆಯೆಂಬುದನ್ನು ಹಿರಿಯೂರಿನವರಿಗೆ ಬೇರೆಯಾಗಿ ಹೇಳಬೇಕಿಲ್ಲ. 2020ರ ಆಗಸ್ಟ್ 12ರ ಬೆಳಗಿನ ಜಾವ ತಾಲ್ಲೂಕಿನ ಹೆದ್ದಾರಿಯಲ್ಲಿ ಖಾಸಗಿ ಬಸ್ಸಿಗೆ ಬೆಂಕಿ ಹತ್ತಿ ಮಕ್ಕಳೂ ಸೇರಿ ಐವರು ಸತ್ತರು. ಅದು ಮನೆಯಲ್ಲ ನಿಜ, ಆದರೆ ನಿದ್ದೆಯಲ್ಲಿದ್ದವರಿಗೆ ಸಿಗುವುದು ಎಲ್ಲಿಯೂ ಕೆಲವೇ ನಿಮಿಷ. ಧರ್ಮಪುರ, ಐಮಂಗಲ ಹೋಬಳಿಗಳ ಹಳ್ಳಿಗಳನ್ನು ನೆನೆಯಿರಿ. ಅಗ್ನಿಶಾಮಕ ವಾಹನ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದರೂ 20 ಕಿ.ಮೀ. ದಾಟಲು 20 ನಿಮಿಷ ಬೇಕು. ಒಂದು ಕೋಣೆ ಪೂರ್ತಿ ಹೊತ್ತಿಕೊಳ್ಳಲು ಅಷ್ಟು ಹೊತ್ತು ಬೇಡ. ಮೊದಲ ರಕ್ಷಕರು ಮನೆಯವರೇ. ಅದೇ ವಾಹನ ಅನಗತ್ಯ ಕರೆಗೆ ಓಡಿದ್ದರೆ ಇನ್ನೊಂದು ಹಳ್ಳಿಗೆ ಅದು ಇಲ್ಲವೆಂದೇ ಅರ್ಥ.

ಆದ್ದರಿಂದ 'ಖಚಿತವಾಗುವವರೆಗೆ ಕರೆಯಬೇಡಿ' ಎಂಬ ಸಲಹೆಯೂ, 'ಸದ್ದು ಕೇಳಿದ್ದೇ ಕರೆಯಿರಿ' ಎಂಬ ಸಲಹೆಯೂ ಅರೆಬರೆ. ಗಂಟೆ ಬಾರಿಸಿದರೆ ಎಲ್ಲರನ್ನೂ ಎಬ್ಬಿಸಿ. ಹೊಗೆ, ಸುಟ್ಟ ವಾಸನೆ ಅಥವಾ ಬಿಸಿಯಾದ ಬಾಗಿಲು ಕಂಡರೆ ಹುಡುಕುತ್ತ ನಿಲ್ಲದೆ ಹೊರಗೆ ಬಂದು 112 ಅಥವಾ 101ಕ್ಕೆ ಕರೆ ಮಾಡಿ. ಅಡುಗೆ ಅನಿಲ ಸೋರಿದ ಎಚ್ಚರಿಕೆಯಾದರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಹೊರನಡೆಯಿರಿ, 1906ಕ್ಕೆ ತಿಳಿಸಿ. ಕರೆದ ಮೇಲೆ ತಪ್ಪೆಂದು ತಿಳಿದರೆ ನಾಚಿಕೆಪಡದೆ ಮತ್ತೆ ಕರೆದು ಹೇಳಿ.

ತಪ್ಪು ಗಂಟೆಯನ್ನು ಕಡಿಮೆ ಮಾಡುವುದೂ ನಮ್ಮ ಕೈಯಲ್ಲಿದೆ. ಅಡುಗೆಮನೆಗೆ ಶಾಖ ಸೂಚಕ, ಮಲಗುವ ಕೋಣೆಗಳ ಬಳಿ ಹೊಗೆ ಸೂಚಕ ಇಡಿ. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಅದರ ಸೂಚಕ ನೆಲದ ಹತ್ತಿರವಿರಲಿ. ತಿಂಗಳಿಗೊಮ್ಮೆ ಪರೀಕ್ಷೆಯ ಗುಂಡಿ ಒತ್ತಿ ನೋಡಿ.

ಶಿಕ್ಷಕರೆ, ಮುಂದಿನ ಸಲ ಆ ಕಥೆ ಹೇಳುವಾಗ ಕೊನೆಯಲ್ಲಿ ಈ ಪ್ರಶ್ನೆಯನ್ನೂ ಕೇಳಿ: ಊರವರು ಏನು ಮಾಡಬೇಕಿತ್ತು?