ಗೀಜಗನ ತಪ್ಪೇನು?

ಮಳೆಯಲ್ಲಿ ತೊಯ್ದು ನಡುಗುತ್ತಿದ್ದ ಕೋತಿಗೆ, ಗೂಡಿನೊಳಗೆ ಬೆಚ್ಚಗೆ ಕೂತಿದ್ದ ಗೀಜಗ ಬುದ್ಧಿ ಹೇಳಿತು: ದೇವರು ಗಟ್ಟಿಮುಟ್ಟಾದ ಕೈಕಾಲು ಕೊಟ್ಟಿದ್ದಾನಲ್ಲ, ನೀನೂ ಒಂದು ಮನೆ ಕಟ್ಟಿಕೊಳ್ಳಬಾರದೇ? ಕೋತಿಗೆ ಸಿಟ್ಟು ನೆತ್ತಿಗೇರಿ ಗೂಡನ್ನೇ ಕಿತ್ತು ಬಿಸಾಡಿತು. ಪಂಚತಂತ್ರದ ಕಾಲದಿಂದ ಅಜ್ಜಿಯರ ಬಾಯಲ್ಲೂ ಶಾಲೆಯ ಪಾಠದಲ್ಲೂ ನಡೆದುಬಂದ ಈ ಕತೆಯ ನೀತಿ ಎಲ್ಲರಿಗೂ ಬಾಯಿಪಾಠ. ಮೂರ್ಖರಿಗೆ ಉಪದೇಶ ಮಾಡಬಾರದು, ಮಾಡಿದರೆ ಇದ್ದ ಗೂಡೂ ಹೋಗುತ್ತದೆ. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂಬ ಗಾದೆಯೂ ಇದರ ಬೆನ್ನಿಗೆ ನಿಂತಿದೆ.

ಈ ನೀತಿಯ ಮೇಲೆ ನನಗೆ ಹಳೆಯ ಗುಮಾನಿ. ಗೀಜಗ ಹೇಳಿದ್ದು ಯಾವಾಗ? ಧೋ ಎಂದು ಮಳೆ ಸುರಿಯುವಾಗ. ಆ ಹೊತ್ತಿನಲ್ಲಿ ಕೋತಿ ಯಾವ ಮನೆ ಕಟ್ಟಬೇಕಿತ್ತು, ಯಾವುದರಿಂದ ಕಟ್ಟಬೇಕಿತ್ತು? ಮರದ ಪೊಟರೆ, ಬಂಡೆಯ ಸಂದಿ ಎಲ್ಲಿದೆ ಎಂದು ತೋರಿಸಿದ್ದರೆ ಅದು ಸಲಹೆಯಾಗುತ್ತಿತ್ತು. ಗೀಜಗ ತನ್ನ ಜಾಣತನವನ್ನು ಮೆರೆಸಿತು, ಅಷ್ಟೇ. ಅದರ ಸ್ವಂತ ಸಂಸಾರದಲ್ಲಿ ಹೀಗೆ ನಡೆಯುವುದಿಲ್ಲ ಎಂಬುದು ತಮಾಷೆ. ಗಂಡು ಗೀಜಗ ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ, ಹೆಣ್ಣು ಬಂದು ಒಳಹೊಕ್ಕು ನೋಡಿ ಒಪ್ಪಿದರೆ ಮಾತ್ರ ಮುಂದಿನ ಕೆಲಸ. ಒಪ್ಪಿಗೆಯಾಗದ ಅರೆಗೂಡುಗಳು ಮರದಲ್ಲಿ ನೇತಾಡುತ್ತಲೇ ಇರುತ್ತವೆ. ಮನೆಯೊಳಗೆ ಇಷ್ಟು ಪರೀಕ್ಷೆಗೆ ಒಳಗಾಗುವ ಹಕ್ಕಿ ಕೋತಿಯ ಮುಂದೆ ಮಾತ್ರ ಪರೀಕ್ಷೆಯೇ ಇಲ್ಲದ ಮಾತಾಡಿತು.

ಅಪರಿಚಿತರಿಗೆ ಹೇಳುವ ಸಣ್ಣಪುಟ್ಟ ಸಲಹೆಗಳ ಬಗ್ಗೆ ನಮ್ಮಲ್ಲಿ ಬೇರೂರಿರುವ ಅಭಿಪ್ರಾಯ ಸರಿಸುಮಾರು ಈ ಕತೆಯದೇ. ಬಿಟ್ಟಿ ಸಲಹೆಗೆ ಬೆಲೆಯಿಲ್ಲ, ಕೇಳದೆ ಹೇಳಬೇಡ, ಹೇಳಲೇಬೇಕಾದರೆ ಓದಿ ತಿಳಿದವರು ಹೇಳಲಿ. ಕೇಳಲು ಇದು ವಿನಯದ ಮಾತಿನಂತಿದೆ. ಆದರೆ ಇದು ನೋಡುವುದೆಲ್ಲ ಹೇಳುವವನ ಕಡೆಗೆ: ಅವನ ಪದವಿ ಏನು, ಅವನನ್ನು ಕೇಳಿದವರು ಯಾರು, ಅವನಿಗೆ ದುಡ್ಡು ಕೊಟ್ಟಿದ್ದೇವೆಯೇ. ಹೇಳಿದ ಮಾತನ್ನು, ಹೇಳಿದವನನ್ನು ನಂಬದೆಯೂ, ಕೇಳಿದವನು ತಾನೇ ಒರೆಗೆ ಹಚ್ಚಿ ನೋಡಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಕೇಳಬೇಕಾದದ್ದು ಅದೊಂದೇ.

ಬಾಂಗ್ಲಾದೇಶದ ಒಂದು ಉದಾಹರಣೆ ನೋಡಿ. 1971ರಲ್ಲಿ ಯುದ್ಧಕ್ಕೆ ಹೆದರಿ ಗಡಿ ದಾಟಿ ಬಂದವರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದರು. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಾಗ ವೈದ್ಯ ದಿಲೀಪ್ ಮಹಲನಾಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಆದರೆ ಶಿಬಿರದ ಡ್ರಮ್ಮು ಹಳ್ಳಿಯ ಅಡುಗೆಮನೆಗೆ ಬರುವುದಿಲ್ಲ. ಅದನ್ನು ಮನೆಮನೆಗೆ ಮುಟ್ಟಿಸಲು 1980ರಲ್ಲಿ ಹೊರಟದ್ದು ಬಾಂಗ್ಲಾದೇಶದ ಸ್ವಯಂಸೇವಾ ಸಂಸ್ಥೆ ಬ್ರಾಕ್. ಅದರ ಕಾರ್ಯಕರ್ತೆಯರು ವೈದ್ಯರೂ ಅಲ್ಲ, ದಾದಿಯರೂ ಅಲ್ಲ. ಯಾರೂ ಕರೆಯದಿದ್ದರೂ ಅಪರಿಚಿತ ಮನೆಗಳ ಬಾಗಿಲು ತಟ್ಟಿ, ಮಗುವಿಗೆ ಭೇದಿಯಾದರೆ ಹೀಗೆ ಮಾಡಮ್ಮ ಎಂದು ಹೇಳಿಕೊಡುತ್ತ ಹೋದರು. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಬಿಟ್ಟಿ, ಕೇಳದೆ ಹೇಳಿದ್ದು, ಹೇಳಿದವರಿಗೆ ಪದವಿಯಿಲ್ಲ: ನಮ್ಮ ಗಾದೆಗಳ ಪ್ರಕಾರ ಮೂರೂ ದೋಷ ಒಟ್ಟಿಗೆ.

ಈ ಕಾರ್ಯಕ್ರಮದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಸಂಬಳದ ಲೆಕ್ಕ. ಎಷ್ಟು ಮನೆಗೆ ಹೋದಿರಿ ಎಂದು ಎಣಿಸಿ ಕಾಸು ಕೊಡಲಿಲ್ಲ. ಕೆಲವು ವಾರಗಳ ನಂತರ ಬೇರೆಯವರು ಅದೇ ಮನೆಗಳಲ್ಲಿ ಕೆಲವಕ್ಕೆ ಹೋಗಿ, ತಾಯಿಗೆ ಎಷ್ಟು ನೆನಪಿದೆ, ಬೆರೆಸಿ ತೋರಿಸು ಎಂದರೆ ಸರಿಯಾಗಿ ಬೆರೆಸುತ್ತಾಳೆಯೇ ಎಂದು ನೋಡಿ, ಅದರ ಮೇಲೆ ಕೂಲಿ ನಿಗದಿ ಮಾಡಿದರು. ಸಲಹೆಯ ಬೆಲೆಯನ್ನು ಕೊಟ್ಟವಳ ಬಾಯಲ್ಲಿ ಅಳೆಯದೆ ಪಡೆದವಳ ಕೈಯಲ್ಲಿ ಅಳೆದ ಇಂಥ ಇನ್ನೊಂದು ಏರ್ಪಾಡು ನನಗೆ ಸಿಕ್ಕಿಲ್ಲ. ಅಷ್ಟಾದರೂ ಮೊದಮೊದಲು ಕಲಿತ ತಾಯಂದಿರಲ್ಲಿ ಬಹಳ ಮಂದಿ ಅದನ್ನು ಬಳಸಲಿಲ್ಲ. ವಿಚಾರಿಸಿದಾಗ ಹೊರಬಿದ್ದ ಸಂಗತಿಗಳಲ್ಲಿ ಒಂದು ಖಾರವಾಗಿತ್ತು. ಹೇಳಿಕೊಡುತ್ತಿದ್ದವರಲ್ಲೇ ಹಲವರಿಗೆ ಈ ಉಪ್ಪು ಬೆಲ್ಲದ ನೀರಿನಲ್ಲಿ ನಂಬಿಕೆಯಿರಲಿಲ್ಲ, ತಮಗೆ ಭೇದಿಯಾದಾಗ ಅವರು ಮಾತ್ರೆ ನುಂಗುತ್ತಿದ್ದರು. ಅದನ್ನು ತಿದ್ದಿಕೊಂಡು, ತಾವು ಬೆರೆಸಿ ತೋರಿಸುವುದನ್ನು ಬಿಟ್ಟು ತಾಯಿಯ ಕೈಯಿಂದಲೇ ಬೆರೆಸಿದರು. ಹತ್ತು ವರ್ಷದಲ್ಲಿ ಸುಮಾರು 1.2 ಕೋಟಿ ಮನೆಗಳನ್ನು ಮುಟ್ಟಿದರು.

ಉಪ್ಪು ಹೆಚ್ಚಾದರೆ ಇದೇ ನೀರು ಮಗುವಿಗೆ ಅಪಾಯ. ಹಳ್ಳಿಯ ಅಡುಗೆಮನೆಯಲ್ಲಿ ತಕ್ಕಡಿಯಿಲ್ಲ. ಹಾಗಾಗಿ ಲೋಕದಲ್ಲೆಲ್ಲ ಇದರ ಜತೆ ಒಂದು ಮಾತು ಸೇರಿಸಿ ಹೇಳುತ್ತಾರೆ: ನಾಲಗೆಗೆ ಹಾಕಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಿ. ಅಲ್ಲಿಗೆ ಹೇಳಿದವಳು ಡಾಕ್ಟರೋ ದಾರಿಹೋಕಳೋ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಕಣ್ಣೀರಿನ ರುಚಿ ಗೊತ್ತಿಲ್ಲದ ತಾಯಿ ಯಾರಿದ್ದಾಳೆ?

ನಮ್ಮ ಅಡಿಕೆ ಸೀಮೆಯಲ್ಲೂ ಇಂಥದೊಂದು ಇದೆ. ಮಳೆಗಾಲದ ಕೊಳೆರೋಗಕ್ಕೆ ಕರಾವಳಿ, ಮಲೆನಾಡಿನ ತೋಟಗಳಲ್ಲಿ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ಎಲ್ಲರಿಗೂ ಗೊತ್ತು: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆಬೇರೆ ಕದಡಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಆದರೆ ಅಂಗಡಿಯ ಸುಣ್ಣ ಒಂದೇ ತರ ಇರುವುದಿಲ್ಲ, ಹಳತಾದರೆ ಸತ್ವ ಇಳಿದಿರುತ್ತದೆ. ಅದಕ್ಕೇ ಬಲ್ಲವರು ಅಳತೆ ಹೇಳಿ ಸುಮ್ಮನಾಗುವುದಿಲ್ಲ, ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ ಎನ್ನುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು, ಹಾಗೇ ಹೊಡೆದರೆ ಎಳೆಕಾಯಿ ಸುಟ್ಟೀತು. ಸುಣ್ಣ ಸೇರಿಸಿ ಮತ್ತೆ ಅದ್ದಿ.

ಈ ಔಷಧದ ಜಾತಕವೂ ಕುತೂಹಲದ್ದು. 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರು. ಯಾವ ರೋಗಕ್ಕೂ ಅಲ್ಲ, ಹೋಗಿಬರುವವರು ಹಣ್ಣು ಕಿತ್ತು ತಿನ್ನದಿರಲಿ ಎಂದು. ಬಳಿದ ಬಳ್ಳಿಗಳಿಗೆ ಬೂಜು ರೋಗ ಬಾರದಿರುವುದನ್ನು ಕಂಡವರು ಸಸ್ಯವಿಜ್ಞಾನಿ ಮಿಲ್ಲಾರ್ಡೆ. ಅವರು ಅದನ್ನು ಪ್ರಯೋಗಕ್ಕೆ ಒಡ್ಡಿ 1885ರಲ್ಲಿ ಪ್ರಕಟಿಸಿದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆಗೆ ಕಾರಣವಾದ ಶಿಲೀಂಧ್ರವನ್ನು ಹಿಡಿದು, ಇದೇ ದ್ರಾವಣವನ್ನು ಇಲ್ಲಿನ ತೋಟಗಳಿಗೆ ತಂದರು. ತಿಳಿದವರಷ್ಟೇ ಹೇಳಲಿ ಎನ್ನುವವರು ಈ ವಂಶಾವಳಿಯನ್ನು ಒಮ್ಮೆ ನೋಡಬೇಕು. ಮೊದಲು ಇರುವುದು ಕಳ್ಳರ ಕಾಟಕ್ಕೆ ಬೇಸತ್ತ ರೈತ, ಆಮೇಲೆ ವಿಜ್ಞಾನಿ, ಕೊನೆಗೆ ಕತ್ತಿ ಅದ್ದುವ ತೋಟದಾಳು. ಮೂವರಲ್ಲಿ ಯಾರನ್ನು ತೆಗೆದರೂ ಔಷಧ ಕೊನೆಯವರೆಗೆ ತಲುಪುವುದಿಲ್ಲ.

1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಡುತ್ತೇವೆ ಎಂದಾಗ ಅದು ಬರೀ ಘೋಷಣೆಯಾಗಿ ಉಳಿಯದಿರಲು ಕಾರಣ, ಕೇಳಿದವನು ತಾನೇ ಒರೆಗೆ ಹಚ್ಚಿ ನೋಡಬಹುದಾದ ಈ ಗುಣವೇ ಎಂದು ನನ್ನ ಎಣಿಕೆ. ಶ್ರೀಪಡ್ರೆಯವರ ಸಂಪಾದನೆಯ ಆ ಪತ್ರಿಕೆಯ ಒಳ್ಳೆಯ ಬರಹ ‘ಕಾಳುಮೆಣಸಿಗೆ ಇದನ್ನು ಹಾಕಿ’ ಎಂದು ಅಪ್ಪಣೆ ಕೊಡುವುದಿಲ್ಲ. ನನ್ನದು ಇಂಥ ಮಣ್ಣು, ಇಂಥ ಇಳಿಜಾರು, ಇಷ್ಟು ನೀರು, ಹೀಗೆ ಮಾಡಿದೆ, ಹೀಗಾಯಿತು ಎನ್ನುತ್ತದೆ. ಓದುವವನು ತನ್ನ ಮಣ್ಣನ್ನು ಪಕ್ಕಕ್ಕಿಟ್ಟು ಹೋಲಿಸಬಹುದು. ಹೊಂದದಿದ್ದರೆ ಪುಟ ತಿರುಗಿಸಬಹುದು, ಯಾರಿಗೂ ಬೇಜಾರಿಲ್ಲ.

ನಂಟರ ಸಲಹೆಗೆ ಈ ಗುಣವಿಲ್ಲ. ಸೋದರಮಾವ ಹೇಳಿದ ಡಾಕ್ಟರ ಹತ್ತಿರ ಹೋಗದಿದ್ದರೆ ಮುಂದಿನ ಮದುವೆಮನೆಯಲ್ಲಿ ಅವರ ಮುಖ ನೋಡುವುದು ಕಷ್ಟ. ಅಲ್ಲಿ ಸಲಹೆಯ ಜತೆ ಋಣವೂ ಬರುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವನ ಮಾತನ್ನು ಅವನು ಇಳಿದ ಮೇಲೆ ತೂಗಿ ನೋಡಿ ಬಿಟ್ಟುಬಿಡಬಹುದು.

ಇಷ್ಟು ಹೇಳಿದ ಮೇಲೆ ಎದುರು ವಾದದ ಗಟ್ಟಿ ಮುಖವನ್ನು ನೋಡದೆ ಹೋದರೆ ಅದು ಮೋಸ. ಬರಿಯ ಅನುಭವದ ಸಲಹೆ ಜೀವ ತೆಗೆಯುತ್ತದೆ. ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟು, ಕೊಯ್ದು ರಕ್ತ ಹೀರು, ಇಂಥವರ ಸೊಪ್ಪಿನ ರಸ ಕುಡಿಸು ಎನ್ನುವವರು ಸುಳ್ಳುಗಾರರಲ್ಲ. ಅವರು ಬದುಕಿದವರನ್ನು ಕಣ್ಣಾರೆ ಕಂಡಿದ್ದಾರೆ. ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಹಾಗಾಗಿ ಸೊಪ್ಪು ಕುಡಿದವರಲ್ಲಿ ಬಹುಮಂದಿ ಬದುಕುತ್ತಾರೆ, ಕುಡಿಯದಿದ್ದರೂ ಬದುಕುತ್ತಿದ್ದರು. ಕೊಳಕುಮಂಡಲವೋ ನಾಗರವೋ ನಿಜವಾಗಿ ವಿಷ ಇಳಿಸಿದ ದಿನ ಸೊಪ್ಪಿನ ಮನೆಯಲ್ಲಿ ಕಳೆದ ಹೊತ್ತು ಮರಳಿ ಬರುವುದಿಲ್ಲ. ಆಸ್ಪತ್ರೆಯ ವಿಷಪ್ರತಿರೋಧಕ ಚುಚ್ಚುಮದ್ದಿಗೆ ಪರ್ಯಾಯವೇ ಇಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಮಾಡಿದ್ದು ಸರಿಯಾಗಿಯೇ ಇದೆ. ಬದುಕಿದವರ ಕತೆ ಮಾತ್ರ ಊರಲ್ಲಿ ಓಡಾಡುತ್ತದೆ, ಸತ್ತವರ ಲೆಕ್ಕ ಎಲ್ಲೋ ಒಂದು ಕಡೆ ಕೂಡಬೇಕಲ್ಲ.

ಆದರೆ ಇಲ್ಲಿ ಸೋತದ್ದು ಪದವಿಯಿಲ್ಲದವನ ಸಲಹೆಯೇ? ನನಗೆ ಹಾಗೆ ಕಾಣುವುದಿಲ್ಲ. ಇಲ್ಲಿ ಸೋತದ್ದು ಪರೀಕ್ಷೆ. ಕಣ್ಣೀರಿನ ರುಚಿ ತಪ್ಪಾದ ನೀರನ್ನು ಕುಡಿಸುವ ಮೊದಲೇ ಹಿಡಿಯುತ್ತದೆ, ಕತ್ತಿಯ ಅಲಗು ಹೊಡೆಯುವ ಮೊದಲೇ ಹೇಳುತ್ತದೆ. ಸೊಪ್ಪಿನ ರಸಕ್ಕೆ ಇರುವ ಪರೀಕ್ಷೆ ರೋಗಿಯ ಜೀವವೊಂದೇ, ಅದೂ ಸುಳ್ಳು ಉತ್ತರ ಕೊಡುವಂಥದು. ಇಂಥ ಕಡೆ ದಾರಿಹೋಕನೂ ಹೇಳಬಹುದಾದ ಸಲಹೆ ಇದ್ದೇ ಇದೆ: ಕಟ್ಟಬೇಡಿ, ಕೊಯ್ಯಬೇಡಿ, ಉಂಗುರ ಬಳೆ ತೆಗೆಯಿರಿ, ಕಚ್ಚಿದ ಕೈಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ಇದನ್ನು ಹೇಳಲು ಎಂಬಿಬಿಎಸ್ ಬೇಕಿಲ್ಲ, ಬಾಯಿ ಮುಚ್ಚಿಕೊಂಡಿರುವುದು ಸಭ್ಯತೆಯೂ ಅಲ್ಲ. ಕೇಳದೆ ಹೇಳಬೇಡ ಎಂಬ ನೀತಿಯನ್ನು ಅಕ್ಷರಶಃ ಪಾಲಿಸಿದರೆ, ಪಕ್ಕದಲ್ಲಿ ನಿಂತು ಹಗ್ಗ ಬಿಗಿಯುವುದನ್ನು ನೋಡುತ್ತಿರಬೇಕಾಗುತ್ತದೆ.

ತಿಳಿದವರ ಸಲಹೆಯಲ್ಲೂ ಪರೀಕ್ಷೆಗೆ ಜಾಗವಿಲ್ಲದ್ದು ಬೇಕಾದಷ್ಟಿದೆ. ಯಾವುದೇ ಕಚೇರಿಯ ಗೋಡೆಯ ಮೇಲೆ ‘ಅಗತ್ಯ ದಾಖಲೆಗಳೊಂದಿಗೆ ಸಂಬಂಧಪಟ್ಟವರನ್ನು ಸಂಪರ್ಕಿಸಿ’ ಎಂಬ ಫಲಕ ಕಾಣುತ್ತದೆ. ತಪ್ಪೊಂದೂ ಇಲ್ಲ, ಉಪಯೋಗವೂ ಇಲ್ಲ. ಅದೇ ಹೊತ್ತಿಗೆ ದೊಡ್ಡಾಸ್ಪತ್ರೆಯ ಸರತಿಯಲ್ಲಿ ಮುಂದೆ ನಿಂತ ಹೆಂಗಸು ಹಿಂದಿನವಳಿಗೆ ಹೇಳುತ್ತಾಳೆ: ಬಿಪಿಎಲ್ ಕಾರ್ಡು ಇದ್ದರೆ ಸಾಲದಮ್ಮ, ಪ್ರೈವೇಟಿಗೆ ಹೋಗೋದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬರೆಸ್ಕೋ, ಎಮರ್ಜೆನ್ಸಿ ಆದರೆ ಬೇಡ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಮುಖ್ಯ ನಿಯಮವೊಂದು ಅವಳ ಎರಡು ವಾಕ್ಯದಲ್ಲಿ ಮುಗಿಯಿತು. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಎಂದು ಜಾಹೀರಾತು ದೊಡ್ಡದಾಗಿ ಹೇಳುತ್ತದೆ, ಆ ಚೀಟಿಯ ವಿಷಯ ನೆನಪಿಸುವುದು ಹಿಂದಿನ ತಿಂಗಳು ವಾಪಸು ಕಳಿಸಿಕೊಂಡು ಬಂದವಳು.

ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯವನನ್ನು ನಾವು ದಲ್ಲಾಳಿಗಳ ಸಾಲಿಗೆ ಸೇರಿಸಿ ನೋಡುತ್ತೇವೆ. ಕೆಲವರು ಹಾಗೆ ಇದ್ದಾರೆ, ನಿಜ. ಆದರೆ ಪುಟಕ್ಕೆ ಎರಡು ರೂಪಾಯಿ ತೆಗೆದುಕೊಂಡು, ಕಾಸಿಲ್ಲದೆ ಮಾತು ಕೊಡುವವರೂ ಇದ್ದಾರೆ. ಅಂಥವನೊಬ್ಬ, ಈ ಅರ್ಜಿಗೆ ಪಹಣಿ ಬೇಡ ಅಣ್ಣ, ಆಧಾರ್ ಹೆಸರೂ ರೇಷನ್ ಕಾರ್ಡಿನ ಹೆಸರೂ ಒಂದೇ ಇದೆಯಾ ನೋಡ್ಕೊಳ್ಳಿ ಎನ್ನುತ್ತಾನೆ. ಅರ್ಜಿ ಕೊಟ್ಟ ಮೇಲೆ ಸಕಾಲದ ಜಿಎಸ್‌ಸಿ ನಂಬರ್ ಇಲ್ಲದೆ ಹೊರಗೆ ಬರಬೇಡಿ ಎನ್ನುತ್ತಾನೆ. ಸರ್ಕಾರಿ ಸೇವೆಗಳಿಗೆ ಗಡುವು ಗೊತ್ತುಮಾಡುವ ಸಕಾಲ ಕಾಯ್ದೆ 2011ರದು, 2012ರ ಏಪ್ರಿಲ್‌ನಿಂದ ರಾಜ್ಯದಲ್ಲೆಲ್ಲ ಜಾರಿಯಲ್ಲಿದೆ. ಆ ನಂಬರ್ ಕೈಯಲ್ಲಿದ್ದರೆ ಕಡತ ಯಾರ ಮೇಜಿನ ಮೇಲಿದೆ, ಗಡುವು ಮುಗಿಯಿತೇ ಎಂದು ಅರ್ಜಿದಾರನೇ ನೋಡಿಕೊಳ್ಳಬಹುದು, ಮೀರಿದ್ದರೆ ಮೇಲ್ಮನವಿ ಹಾಕಬಹುದು. ಗುಮಾಸ್ತನನ್ನೂ ನಂಬಬೇಕಿಲ್ಲ, ಜೆರಾಕ್ಸಿನವನನ್ನೂ ನಂಬಬೇಕಿಲ್ಲ. ಕಚೇರಿಯವರು ಮುಂದಿನ ಸಲ ಫಲಕ ಬರೆಸುವ ಮುಂಚೆ ಒಂದು ಬೆಳಿಗ್ಗೆ ಆ ಅಂಗಡಿಯ ಕಟ್ಟೆಯ ಮೇಲೆ ಕೂತು, ಜನ ಏನು ಕೇಳುತ್ತಾರೆ, ಅವನು ಏನು ಹೇಳುತ್ತಾನೆ ಎಂದು ಬರೆದುಕೊಂಡು ಬರಲಿ. ಖರ್ಚು ಒಂದು ಕಾಫಿಯದು.