ತಟ್ಟೆಯ ಸದ್ದು

ಮಟ್ಟಾಂಚೇರಿಯ ಜ್ಯೂ ಟೌನ್ ಬೀದಿಯಲ್ಲಿ ಹಳೇ ಸಾಮಾನಿನ ಅಂಗಡಿ ಹೊಕ್ಕರೆ, ಕಂಚಿನ ಉರುಳಿ ಮತ್ತು ಹಡಗಿನ ಲಾಟೀನುಗಳ ಹಿಂದೆ ಎಲ್ಲೋ ಒಂದು ರಟ್ಟಿನ ಪೆಟ್ಟಿಗೆ ಇದ್ದೇ ಇರುತ್ತದೆ. ಅದರ ತುಂಬ ಗ್ರಾಮಫೋನ್ ತಟ್ಟೆಗಳು. ನನ್ನ ಜೊತೆಗಿದ್ದ ಕಾಸರಗೋಡಿನ ಗೆಳೆಯ ಮಲಯಾಳದಲ್ಲಿ ಮಾತು ಶುರು ಮಾಡಿದ: "ಇಕ್ಕಾ, ಇಲ್ಲಿಯ ಹುಡುಗರು ಬಾರಿಸಿದ ಇಂಗ್ಲಿಷ್ ಪಾಟ್ಟಿನ ಪ್ಲೇಟು ಏನಾದರೂ ಉಂಟಾ?" ಅಂಗಡಿಯವರು ನಕ್ಕರು. ಯೇಸುದಾಸ್ ಇದ್ದಾರೆ, 'ಚೆಮ್ಮೀನ್' ಇದೆ, ಬೋನಿ ಎಂ ಇದೆ, ಯಾವುದೋ ಇಗರ್ಜಿಯ ಕ್ರಿಸ್ಮಸ್ ಹಾಡುಗಳಿವೆ. ಇಲ್ಲಿಯ ಹುಡುಗರು? "ಅವರು ಹೋಟೆಲಿನಲ್ಲಿ ಬಾರಿಸುತ್ತಿದ್ದರು. ಪ್ಲೇಟು ಯಾರು ಮಾಡಿಸುತ್ತಾರೆ?"

ಕೊಚ್ಚಿ ಮತ್ತು ತಿರುವನಂತಪುರದ ರಾಕ್ ತಂಡಗಳ ಬಗ್ಗೆ ನಾನು ಹೇಳಬೇಕೆಂದಿದ್ದ ಮಾತಿನ ಅರ್ಧವನ್ನು ಅವರು ಅಲ್ಲೇ ಹೇಳಿ ಮುಗಿಸಿದ್ದರು.

ಮರೆತುಹೋದ ತಂಡಗಳ ಹಳೇ ತಟ್ಟೆ ಹುಡುಕುವ ಗೀಳು ಈಗ ಜಗತ್ತಿನಾದ್ಯಂತ ಇದೆ. ನಮ್ಮ ದೇಶದಲ್ಲಿ ಅದರ ಮೊದಲ ಬೇಟೆ 'ಸಿಮ್ಲಾ ಬೀಟ್'. ಸಿಮ್ಲಾ ಸಿಗರೇಟಿನ ಪ್ರಚಾರಕ್ಕಾಗಿ ನಡೆದ ಸ್ಪರ್ಧೆಯ ಹಾಡುಗಳನ್ನು ಒಟ್ಟುಮಾಡಿ 1970 ಮತ್ತು 1971ರಲ್ಲಿ ಎಲ್‌ಪಿ ತಂದರು. ಬೆಂಗಳೂರಿನ ಡೈನೋಸಾರ್ಸ್, ಮದ್ರಾಸಿನ ಕನ್‌ಫ್ಯೂಷನ್ಸ್, ಶಿಲ್ಲಾಂಗಿನ ಫೆಂಟೋನ್ಸ್ ಮೊದಲಾದವರ ದನಿ ಉಳಿದದ್ದು ಅದರಿಂದ. ಆಮೇಲೆ ಬಾಂಬೆಯ ಅಟಾಮಿಕ್ ಫಾರೆಸ್ಟ್ ತಂಡದ ಹಾಡುಗಳನ್ನು 2011ರಲ್ಲಿ ಅಮೆರಿಕದ ನೌ-ಅಗೇನ್ ಕಂಪನಿ ಮರುಮುದ್ರಿಸಿತು. ಇಷ್ಟಾದ ಮೇಲೆ ಸಂಗ್ರಾಹಕರ ಕಣ್ಣು ಭಾರತದ ಒಂದೊಂದು ಊರಿನ ಮೇಲೂ ಬಿತ್ತು. ಕೊಚ್ಚಿಯಲ್ಲೂ ಏನೋ ಹೂತಿರಬೇಕು ಎಂಬ ಆಸೆ ನನಗೂ ಇತ್ತು, ಇಲ್ಲವೆನ್ನಲಾರೆ.

ಆದರೆ ತಟ್ಟೆ ಆಗಬೇಕಾದರೆ ಏನೇನು ಬೇಕಿತ್ತು ನೋಡಿ. ಅಚ್ಚು ಹಾಕುವ ಕಾರ್ಖಾನೆ ಕಲ್ಕತ್ತೆಯ ದಮ್‌ದಮ್‌ನಲ್ಲಿ. ಪಾಲಿಡೋರ್ ಕಂಪನಿಯವರ ಬಾಗಿಲು ಬಾಂಬೆಯಲ್ಲಿ. ಸಿನಿಮಾ ಹಾಡಾದರೆ ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗಿ ಖರ್ಚು ತಾನೇ ಹುಟ್ಟುತ್ತಿತ್ತು. ಎರ್ನಾಕುಳಂನ ನಾಲ್ಕು ಜನ ಇಂಗ್ಲಿಷಿನಲ್ಲಿ ಹಾಡಿದ್ದಕ್ಕೆ ಯಾರು ಹಣ ಹಾಕಬೇಕು? ಯೇಸುದಾಸ್ ತಿರುವನಂತಪುರದಲ್ಲಿ ತರಂಗಿಣಿ ಕಟ್ಟಿದ್ದು 1980ರಲ್ಲಿ. ಅಲ್ಲಿಂದ ಕೇರಳಕ್ಕೆ ಸ್ವಂತ ಧ್ವನಿಮುದ್ರಣದ ದಾರಿ ತೆರೆಯಿತು, ಆದರೆ ಆ ದಾರಿಯಲ್ಲಿ ನಡೆದದ್ದು ಓಣಂ ಹಾಡು, ಭಕ್ತಿಗೀತೆ, ಲಲಿತಗಾನ. ನಮ್ಮಲ್ಲಿ 1978ರ 'ನಿತ್ಯೋತ್ಸವ'ದ ಕ್ಯಾಸೆಟ್ಟು ಭಾವಗೀತೆಯನ್ನು ಮನೆಮನೆಗೆ ಒಯ್ದ ಹಾಗೆಯೇ. ತಟ್ಟೆಗೆ ಬಾರದ ಸಂಗೀತವನ್ನು ಎತ್ತಿಕೊಂಡದ್ದು ಕ್ಯಾಸೆಟ್ಟು, ಅದಕ್ಕೂ ಮೊದಲು ಗಲ್ಫಿನಿಂದ ಬಂದ ಟೇಪ್‌ರೆಕಾರ್ಡರು. ಮಲೆಯಾಳಿ ಮನೆಗಳಲ್ಲಿ ಟೂ-ಇನ್-ಒನ್ನು ಬಂದು ಕೂತ ಕಾಲದಲ್ಲಿ ತಟ್ಟೆಗಾಗಿ ಕಾಯುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಉಳಿದ ತಟ್ಟೆಗಳಿಗೂ ಆ ಕಡಲತಡಿಯ ಊರಿನ ಮಳೆಗಾಲ ಬಿಡುವುದಿಲ್ಲ. ರಟ್ಟಿನ ಹೊದಿಕೆ ಬೂಷ್ಟು ಹಿಡಿದು, ಗೀರುಗಳಲ್ಲೆಲ್ಲ ಬಿಳಿ ಚುಕ್ಕೆ.

ಹಾಗಾಗಿ ತಟ್ಟೆಯನ್ನೇ ಅಳತೆಗೋಲು ಮಾಡಿಕೊಂಡವರಿಗೆ ಕೊಚ್ಚಿ ಖಾಲಿಯಾಗಿ ಕಾಣುತ್ತದೆ. ಖಾಲಿ ಇದ್ದದ್ದು ಪೆಟ್ಟಿಗೆ ಮಾತ್ರ.

ಈ ರಾಕ್ ಪರಂಪರೆಯ ನಿಜವಾದ ನೆಲ ಯಾವುದು? ಫೋರ್ಟ್ ಕೊಚ್ಚಿಯ ಲ್ಯಾಟಿನ್ ಕ್ಯಾಥೊಲಿಕ್ ಮತ್ತು ಆಂಗ್ಲೋ-ಇಂಡಿಯನ್ ಮನೆಗಳು, ಇಗರ್ಜಿಯ ಕ್ವಾಯರ್, ನೌಕಾಪಡೆಯ ಬ್ಯಾಂಡು, ಬಂದರಿಗೆ ಬಂದ ನಾವಿಕರು ಬಿಟ್ಟುಹೋದ ರೆಕಾರ್ಡುಗಳು. ಇವೆಲ್ಲ ಒಟ್ಟಾಗಿ ಬಂದು ಸೇರಿದ್ದು ಹೋಟೆಲಿನ ಸಭಾಂಗಣಕ್ಕೆ. ಷಣ್ಮುಖಂ ರಸ್ತೆಯ ಸೀಲಾರ್ಡ್ ಹೋಟೆಲು ಅದರ ಹೆಸರಾಂತ ಶಾಲೆ. 13ಎಡಿ ಎಂಬ ತಂಡ ಬೆಳೆದದ್ದು ಅಲ್ಲಿ, ರಾತ್ರಿಯ ಮೇಲೆ ರಾತ್ರಿ ಊಟದವರ ಎದುರು ನುಡಿಸುತ್ತ. ಜಾರ್ಜ್ ಪೀಟರ್ ಹಾಡುಗಾರ, ಎಲೋಯ್ ಐಸಾಕ್ಸ್ ಗಿಟಾರು. ಕಾಲೇಜು ಹಬ್ಬಗಳ ಕಾಲದಲ್ಲಿ ಈ ಹೆಸರು ಬೆಂಗಳೂರಿನ ಹುಡುಗರ ಬಾಯಲ್ಲೂ ಓಡಾಡಿತ್ತು. 1990ರಲ್ಲಿ ಅವರ ಆಲ್ಬಂ 'ಗ್ರೌಂಡ್ ಝೀರೋ' ಹೊರಬರುವ ಹೊತ್ತಿಗೆ ಎಲ್‌ಪಿಯ ಯುಗ ಕೊನೆಯುಸಿರು ಎಳೆಯುತ್ತಿತ್ತು. ಬಹುಪಾಲು ಜನ ಅದನ್ನು ಕೇಳಿದ್ದು ಕ್ಯಾಸೆಟ್ಟಿನಲ್ಲಿ, ಕ್ಯಾಸೆಟ್ಟಿನ ನಕಲಿನಲ್ಲಿ, ನಕಲಿನ ನಕಲಿನಲ್ಲಿ.

ಹೋಟೆಲಿನ ಶಾಲೆ ಏನು ಕಲಿಸುತ್ತದೆ? ಹಾಗೇ ನುಡಿಸು ಎಂದು ಕಲಿಸುತ್ತದೆ. ಊಟಕ್ಕೆ ಕೂತವನು ಈಗಲ್ಸ್ ಕೇಳಿದರೆ ಈಗಲ್ಸ್ ಬರಬೇಕು, ಅದೇ ಶ್ರುತಿ, ಅದೇ ಜಾಗದಲ್ಲಿ ಅದೇ ತಂತಿ ಮೀಟಬೇಕು. ಇದನ್ನು ನಕಲು ಎಂದು ಮೂಗು ಮುರಿಯುವುದು ಸುಲಭ, ನಮ್ಮ ವಿಮರ್ಶಕರು ಮುರಿದೂ ಇದ್ದಾರೆ. ನನಗೆ ಹಾಗನಿಸುವುದಿಲ್ಲ. ಕರ್ನಾಟಕ ಸಂಗೀತದಲ್ಲಿ ನಾವು ಪಾಠಾಂತರ ಎಂದು ಗೌರವದಿಂದ ಹೇಳುವುದು ಇದನ್ನೇ ಅಲ್ಲವೇ? ಗುರುವಿನ ಬಾಯಿಂದ ಬಂದದ್ದನ್ನು ಒಂದು ಗಮಕವೂ ಜಾರದಂತೆ ಹಿಡಿಯುವುದು. ಸಂಗ್ರಾಹಕರು ತಲೆಯ ಮೇಲೆ ಹೊತ್ತು ಮೆರೆಸುವ ಸಿಮ್ಲಾ ಬೀಟ್ ತಟ್ಟೆಯಲ್ಲೂ ಪರರ ಹಾಡುಗಳಿವೆ. ತೊಡಕು ಇರುವುದು ಮುಂದಿನ ಮೆಟ್ಟಿಲಲ್ಲಿ. ಪಾಠಾಂತರ ಗಟ್ಟಿಯಾದ ಮೇಲೆ ಮನೋಧರ್ಮಕ್ಕೆ ದಾರಿ ಬೇಕು, ರಾಗ ಬೆಳೆಸುವ ಹೊತ್ತು ಬೇಕು, ಅದನ್ನು ಕೂತು ಕೇಳುವವರು ಬೇಕು. ಹೋಟೆಲಿನ ವೇದಿಕೆ ಪಾಠಾಂತರವನ್ನು ಕೈತುಂಬ ಕೊಟ್ಟಿತು, ಮನೋಧರ್ಮಕ್ಕೆ ಹೊತ್ತೇ ಕೊಡಲಿಲ್ಲ. ಹಾಗಾಗಿ 13ಎಡಿಯ ಸ್ವಂತ ಹಾಡುಗಳನ್ನು ಕೇಳುವಾಗ ಕೈಚಳಕಕ್ಕೆ ತಲೆದೂಗುತ್ತೇನೆ, ಆದರೆ ಕೊಚ್ಚಿ ಎಲ್ಲಿದೆ ಎಂದು ಹುಡುಕುತ್ತೇನೆ. ಎಂಥ ಚಂದದ ವಾದನ! ಆದರೂ ಹಾಡಿನ ಉಚ್ಚಾರ, ಭಂಗಿ, ಆಕ್ರೋಶ ಎಲ್ಲವೂ ಅಮೆರಿಕದ ಯಾವುದೋ ಊರಿನವು.

ಮುಂದಿನ ತಲೆಮಾರಿಗೆ ಈ ಕೊರತೆ ಗೊತ್ತಿತ್ತು. 1996ರಲ್ಲಿ ಕೊಚ್ಚಿಯಲ್ಲಿ ಶುರುವಾದ ಮದರ್‌ಜೇನ್ ಅದನ್ನು ಗಿಟಾರಿನಿಂದ ತುಂಬಲು ನೋಡಿತು. ಬೈಜು ಧರ್ಮಜನ್ ತಂತಿಯನ್ನು ಎಳೆದು ಜಾರಿಸುವ ರೀತಿಯಲ್ಲಿ ಪಿಟೀಲಿನ ಗಮಕ ಸ್ಪಷ್ಟವಾಗಿ ಕೇಳುತ್ತದೆ. ತಂಡದ ಆಲ್ಬಂ 'ಇನ್‌ಸೇನ್ ಬಯಾಗ್ರಫಿ' ಇನ್ನೂ ತಡಕಾಟ. 2008ರ 'ಮಕ್ತೂಬ್'ನಲ್ಲಿ ಆ ಗಿಟಾರಿಗೆ ತನ್ನ ಜಾಗ ಸಿಕ್ಕಿದೆ. 'ಚೇಸಿಂಗ್ ದ ಸನ್' ಕೇಳಿದ ಕರ್ನಾಟಕ ಸಂಗೀತದ ಯಾವ ಕಿವಿಯೂ ಇದನ್ನು ಹೊರಗಿನದು ಎನ್ನಲಾರದು. ಆದರೆ ಅದೇ ಹಾಡಿನಲ್ಲಿ ಸೂರಜ್ ಮಣಿಯವರ ದನಿ ಇಂಗ್ಲಿಷಿನ ತಾತ್ತ್ವಿಕ ಮಾತುಗಳನ್ನು ಹೊತ್ತು ಬೇರೆ ಕಡೆ ನಡೆಯುತ್ತದೆ. ಗಿಟಾರು ಊರಿಗೆ ಬಂದಿದೆ, ಮಾತು ಇನ್ನೂ ವಿಮಾನ ನಿಲ್ದಾಣದಲ್ಲಿದೆ. ಈ ಒಡಕೇ ಮದರ್‌ಜೇನ್‌ನ ಸೊಗಸು ಎನ್ನುವವರಿದ್ದಾರೆ. ನಾನು ಆ ಪಂಗಡದವನಲ್ಲ. (ಇನ್ನೊಂದು ಮಾತು: ಹೆಸರಿನಲ್ಲಿ ತಾಯಿ ಇದ್ದರೂ ಈ ತಂಡದ ಆ ಕಾಲದ ವೇದಿಕೆಯಲ್ಲಿ ಹೆಂಗಸರಿಲ್ಲ. 13ಎಡಿಯಲ್ಲೂ ಇಲ್ಲ. ಅದೇ ಊರಿನ ಗಾನಮೇಳಗಳಲ್ಲಿ ಹಾಡುಗಾರ್ತಿಯಿಲ್ಲದೆ ಕಾರ್ಯಕ್ರಮವೇ ಆಗುತ್ತಿರಲಿಲ್ಲ. ರಾಕ್ ಬಂಡಾಯದ ಸಂಗೀತ ಎಂಬ ಮಾತನ್ನು ಇಲ್ಲಿ ಸ್ವಲ್ಪ ಅನುಮಾನದಿಂದಲೇ ಕೇಳಬೇಕು.)

ಮಾತನ್ನೂ ಊರಿಗೆ ಕರೆತಂದದ್ದು ಅವಿಯಲ್. 2003ರ ಹೊತ್ತಿಗೆ ಹುಟ್ಟಿದ ಈ ತಂಡಕ್ಕೆ ತಿರುವನಂತಪುರವೇ ಬೇರು. ಹೆಸರೇ ಅಡುಗೆಮನೆಯದು, ನಮ್ಮ ಕರಾವಳಿಯವರಿಗೂ ವಿವರಣೆ ಬೇಕಿಲ್ಲ. ಅವರ ಏಕೈಕ ಆಲ್ಬಂ 'ಅವಿಯಲ್' ಬಂದದ್ದು 2008ರಲ್ಲಿ, 'ಮಕ್ತೂಬ್' ಬಂದ ವರ್ಷವೇ, ನಮ್ಮ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದ ವರ್ಷವೇ. ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ಕೇಳುವುದು ಒಂದು ಪಾಠ. ರಘು ದೀಕ್ಷಿತ್ ಶಿಶುನಾಳ ಷರೀಫರನ್ನು ಎತ್ತಿಕೊಂಡರು. ಅವಿಯಲ್ 'ಆಡು ಪಾಂಬೇ'ಯಲ್ಲಿ ನಾರಾಯಣ ಗುರುಗಳ ಕುಂಡಲಿನಿ ಪಾಟ್ಟನ್ನು ಎತ್ತಿಕೊಂಡಿತು. ಇಬ್ಬರಿಗೂ ತತ್ತ್ವಪದವೇ ಸೇತುವೆ. ಆದರೆ ದೀಕ್ಷಿತರಲ್ಲಿ ಗಿಟಾರು ಪದಕ್ಕೆ ತಲೆಬಾಗಿ ಜೊತೆ ನೀಡುತ್ತದೆ, ಸಿ. ಅಶ್ವತ್ಥ್ ಷರೀಫರನ್ನು ಹಾಡಿದ ನೆನಪು ಕಿವಿಯಲ್ಲಿ ಇರುವವರಿಗೆ ಅದು ಅಪರಿಚಿತವೂ ಅಲ್ಲ. ಅವಿಯಲ್‌ನಲ್ಲಿ ಗಿಟಾರು ಪದದ ಮೇಲೆ ಎರಗುತ್ತದೆ. ರೆಕ್ಸ್ ವಿಜಯನ್ ಅವರ ಗಿಟಾರು ಮತ್ತು ಟೋನಿ ಜಾನ್ ಅವರ ದನಿಯ ನಡುವೆ ಹಾಡು ಹಿಂಡಿದಂತಾಗಿ ಹೊರಬರುತ್ತದೆ. 'ನಡ ನಡ' ಕೇಳಿ: ಮಲಯಾಳದ ಗಿಡ್ಡ, ಒಡೆದ ಪದಗಳು ತಾಳದ ಪೆಟ್ಟಿಗೆ ಹೇಳಿ ಮಾಡಿಸಿದಂತಿವೆ. ಮಾತೃಭಾಷೆಯಲ್ಲಿ ಹಾಡಿದ್ದರಿಂದ ಅದು ದೊಡ್ಡದಾಯಿತು ಎನ್ನುವುದು ಸೋಮಾರಿತನದ ಮೆಚ್ಚುಗೆ. ಭಾಷೆಯ ಒತ್ತು ಎಲ್ಲಿ ಬೀಳುತ್ತದೋ ಅಲ್ಲೇ ಡ್ರಮ್ಮು ಬೀಳುವಂತೆ ಕಟ್ಟಿದ್ದರಿಂದ ದೊಡ್ಡದಾಯಿತು. ಕನ್ನಡದಲ್ಲಿ ರಾಕ್ ಮಾಡಹೊರಟ ಎಷ್ಟೋ ಮಂದಿ ಈ ಒಂದು ವಿಷಯದಲ್ಲಿ ಎಡವಿ, ದೀರ್ಘಾಕ್ಷರವನ್ನು ಕುಟ್ಟಿ ಹ್ರಸ್ವ ಮಾಡಿದ್ದಾರೆ.

ಹಾಗಿದ್ದೂ ಅವಿಯಲ್‌ನಿಂದ ಎರಡನೇ ಆಲ್ಬಂ ಬರಲಿಲ್ಲ. 2011ರ 'ಸಾಲ್ಟ್ ಎನ್ ಪೆಪ್ಪರ್' ಚಿತ್ರದಲ್ಲಿ 'ಆನಕ್ಕಳ್ಳನ್' ಬಂತು, ರೆಕ್ಸ್ ವಿಜಯನ್ 'ಚಾಪ್ಪಾ ಕುರಿಶ್', 'ಮಾಯಾನದಿ' ಹೀಗೆ ಸಿನಿಮಾ ಸಂಗೀತದಲ್ಲಿ ನೆಲೆನಿಂತರು. ಅಲ್ಲಿ ಅವರು ಮಾಡಿದ್ದು ಒಳ್ಳೆಯ ಕೆಲಸ. ಆದರೆ ಮೊದಲು ಹೋಟೆಲು ಸಾಕುತ್ತಿದ್ದ ಸಂಗೀತಗಾರರನ್ನು ಈಗ ಸಿನಿಮಾ ಸಾಕುತ್ತದೆ, ಯಜಮಾನ ಬದಲಾದ ಅಷ್ಟೇ. ಊಟದವನ ಬದಲು ನಿರ್ದೇಶಕ ಹಾಡು ಕೇಳುತ್ತಾನೆ.

ಮಟ್ಟಾಂಚೇರಿಯ ಆ ಅಂಗಡಿಯಿಂದ ಬರಿಗೈಯಲ್ಲಿ ಬರಲು ಮನಸ್ಸಾಗಲಿಲ್ಲ. ಪೆಟ್ಟಿಗೆಯ ತಳದಲ್ಲಿ ಚೀಟಿ ಕಿತ್ತುಹೋದ ನಾಲ್ಕು ಕ್ಯಾಸೆಟ್ಟುಗಳಿದ್ದವು. "ಅದನ್ನು ಸುಮ್ಮನೆ ತಗೊಂಡು ಹೋಗಿ" ಎಂದರು. ಮೂರರಲ್ಲಿ ಬರೀ ಸುಯ್ಯೆನ್ನುವ ಸದ್ದು. ನಾಲ್ಕನೆಯದರ ಸುರುಳಿ ಸಡಿಲವಾಗಿತ್ತು, ಪೆನ್ಸಿಲ್ ತೂರಿಸಿ ಸುತ್ತಿ ಹಾಕಿದೆವು. ಒಂದು ಬದಿ ಸಿನಿಮಾ ಹಾಡು. ತಿರುಗಿಸಿದರೆ ಯಾವುದೋ ಸಭಾಂಗಣ, ಯಾವುದೋ ತಂಡ, ಎಲ್ಲರಿಗೂ ಗೊತ್ತಿರುವ ಒಂದು ಇಂಗ್ಲಿಷ್ ಹಾಡು. ಹಾಡುಗಾರ ಯಾರೋ, ಇಸವಿ ಯಾವುದೋ. ಗಿಟಾರಿನವನು ತನ್ನ ಸರದಿಯಲ್ಲಿ ಮೂಲದ ಹಾಗೆಯೇ ಶುರು ಮಾಡಿ, ಮಧ್ಯೆ ಒಂದು ಎಳೆಯನ್ನು ಮೂಲದಲ್ಲಿಲ್ಲದಷ್ಟು ಹೊತ್ತು ಜಗ್ಗಿ ಹಿಡಿದ. ಪೋಣಿಸಿದಂತೆ ಮತ್ತೊಂದು, ಮತ್ತೊಂದು. ಗೆಳೆಯ "ಎಂತ ಮಾರಾಯ ಇದು, ಕಾಂಬೋಧಿ ರಾಗವಾ?" ಎಂದ. ಅಷ್ಟರಲ್ಲಿ ಗಿಟಾರಿನವನು ಮತ್ತೆ ಮೂಲಕ್ಕೆ ಮರಳಿದ್ದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಟೇಪು ಓಡುತ್ತಿತ್ತು, ಅದರಲ್ಲಿ ಚಮಚ ಮತ್ತು ತಟ್ಟೆಗಳ ಸದ್ದು.